ಗೆರೆಯ ಎಲ್ಲೆಕಟ್ಟು

ಗಣಿತ ಬೋಧನೆಯ ವೃತ್ತಿಯಲ್ಲಿ ಬಹುಕಾಲವನ್ನು ಕಳೆದವರಿಗೆಲ್ಲ ಪರಿಚಿತವಾದ ಸಂಗತಿಯೊಂದುಂಟು. ಕರಿಹಲಗೆಯ ಮೇಲೆ ಎರಡು ಅಕ್ಷಗಳನ್ನು ಎಳೆದು, ಅವುಗಳ ಆಸರೆಯಲ್ಲಿ ಯಾವುದಾದರೊಂದು ವಕ್ರರೇಖೆಯನ್ನು ನಿಧಾನವಾಗಿ ಬಿಡಿಸಿ, ಸೀಮೆಸುಣ್ಣವನ್ನು ಕೆಳಗಿಟ್ಟು, "ಇದನ್ನು ನೋಡಿ ನಿಮಗೆ ತಿಳಿದುದೇನು?" ಎಂದು ತರಗತಿಯನ್ನು ಕೇಳಿದರೆ, ಮುಂದಿನ ಬೆಂಚಿನಿಂದ ಬರುವುದು ಉತ್ತರವಾಗಿರದೆ "ಇದರ ಸಮೀಕರಣ ಯಾವುದು, ಸರ್?" ಎಂಬ ಮರುಪ್ರಶ್ನೆಯಾಗಿರುತ್ತದೆ. ಆ ಪ್ರಶ್ನೆ ಸಲ್ಲದೆಂದು ನಾನು ಹೇಳಲಾರೆ. ಸಮೀಕರಣ ದೊರೆತರೆ ಅವಕಲನ ಮಾಡಬಹುದು, ಅನುಕಲನ ಮಾಡಬಹುದು, ಪರೀಕ್ಷೆಯಲ್ಲಿ ಪೂರ್ಣಾಂಕವನ್ನೂ ಪಡೆಯಬಹುದು. ಆದರೆ ಕಣ್ಣೆದುರಿಗೆ ನಿಂತಿರುವ ರೇಖೆಯನ್ನು ಕಂಡೊಡನೆ ಕೇಳತಕ್ಕ, ಸಮೀಕರಣದ ಹಂಗಿಲ್ಲದೆಯೇ ಉತ್ತರ ದೊರೆಯತಕ್ಕ ಎರಡು ಪ್ರಶ್ನೆಗಳು ಅದಕ್ಕಿಂತ ಮೊದಲಿನವು: ಈ ರೇಖೆಯು ಅಡ್ಡಲಾಗಿ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ, ಮೇಲು ಕೆಳಗಾಗಿ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ? ಮೊದಲನೆಯದಕ್ಕೆ ಸಲ್ಲುವ ಉತ್ತರವೇ ಉತ್ಪನ್ನದ ಕ್ಷೇತ್ರ, ಕಾಲೇಜಿನ ಮಕ್ಕಳ ಮಾತಿನಲ್ಲಿ ಡೊಮೇನ್. ಎರಡನೆಯದಕ್ಕೆ ಸಲ್ಲುವುದು ಅದರ ವ್ಯಾಪ್ತಿ, ಎಂದರೆ ರೇಂಜ್. ಪಠ್ಯಪುಸ್ತಕಗಳು ಈ ಎರಡನ್ನೂ ಕೆಲವೇ ಪುಟಗಳಲ್ಲಿ ಮುಗಿಸಿ ಮುಂದಿನ ಅಧ್ಯಾಯಕ್ಕೆ ಸಾಗಿಬಿಡುತ್ತವೆ. ನಾನಾದರೋ ಅವುಗಳ ಬಳಿ ಇನ್ನಷ್ಟು ಹೊತ್ತು ನಿಲ್ಲಬೇಕೆಂದು ಬಯಸುವವನು. ಏಕೆಂದರೆ ಒಂದು ಗೆರೆ ಏನನ್ನು ಹೇಳುತ್ತದೆ ಎಂಬುದಕ್ಕಿಂತಲೂ ಎಲ್ಲಿಯವರೆಗೆ ಹೇಳುತ್ತದೆ, ಎಲ್ಲಿಗೆ ಬಂದು ಮೌನವಾಗುತ್ತದೆ, ಏತಕ್ಕಾಗಿ ಮೌನವಾಗುತ್ತದೆ ಎಂಬುದನ್ನು ಅರಿಯುವುದು ಗಣಿತಶಿಕ್ಷಣದ ಅತ್ಯಂತ ಬೆಲೆಯುಳ್ಳ ಭಾಗವೆಂದು ನನ್ನ ನಂಬಿಕೆ.

ಉತ್ಪನ್ನವೆಂದರೆ ಒಂದು ಸಂಖ್ಯೆಯನ್ನು ಕೊಟ್ಟರೆ ಅದಕ್ಕೆ ಪ್ರತಿಯಾಗಿ ಒಂದನ್ನು, ಒಂದನ್ನೇ, ಮರಳಿ ಕೊಡತಕ್ಕ ನಿಯಮ. ಕೊಟ್ಟ ಸಂಖ್ಯೆಯನ್ನು ಅಡ್ಡ ಅಕ್ಷದ ಮೇಲೆ ಗುರುತಿಸಿ, ಬಂದ ಫಲದಷ್ಟು ಎತ್ತರಕ್ಕೆ ಅಲ್ಲಿಂದ ಏರಿ ಒಂದು ಚುಕ್ಕೆಯನ್ನಿಟ್ಟು, ಇಂತಹ ಚುಕ್ಕೆಗಳನ್ನೆಲ್ಲ ಕೂಡಿಸಿದರೆ ನಕ್ಷೆ ಸಿದ್ಧವಾಗುತ್ತದೆ. ಈಗ ಆ ನಕ್ಷೆಯ ರೇಖೆಯನ್ನು ಗೋಡೆಯೊಂದರ ಮಗ್ಗುಲಲ್ಲಿ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದ ಬಾಗಿದ ತಂತಿಯೆಂದು ಭಾವಿಸಿಕೊಳ್ಳೋಣ. ಸೂರ್ಯನು ನಡುನೆತ್ತಿಗೆ ಬಂದಾಗ ತಂತಿಯ ನೆರಳು ನೆಲದ ಮೇಲೆ ಒಂದು ನೇರ ಗೆರೆಯಾಗಿ ಬೀಳುತ್ತದೆ. ಆ ನೆರಳು ಕವಿದಷ್ಟು ನೆಲವೇ ಕ್ಷೇತ್ರ. ಸೂರ್ಯನು ದಿಗಂತಕ್ಕೆ ಇಳಿದು ಕಿರಣಗಳು ಅಡ್ಡಲಾಗಿ ಬರುವ ಹೊತ್ತಿಗೆ ಅದೇ ತಂತಿಯ ನೆರಳು ಗೋಡೆಯ ಮೇಲೆ ನಿಲ್ಲುತ್ತದೆ. ಆ ನೆರಳು ಮುಚ್ಚಿದಷ್ಟು ಗೋಡೆಯೇ ವ್ಯಾಪ್ತಿ. ಸೂರ್ಯನು ನೆತ್ತಿಯ ಮೇಲೆ ನೆಟ್ಟಗೆ ನಿಂತು, ನೆಟ್ಟ ಕಂಬವೂ ನೆರಳಿಲ್ಲದಂತಾಗುವ ಮಧ್ಯಾಹ್ನಗಳು ನಮ್ಮ ಮೈಸೂರು ಸೀಮೆಯಲ್ಲಿ ವರ್ಷಕ್ಕೆ ಎರಡೇ: ಏಪ್ರಿಲ್ ತಿಂಗಳ ಉತ್ತರಾರ್ಧದಲ್ಲೊಂದು, ಆಗಸ್ಟ್ ತಿಂಗಳ ನಡುವಿನಲ್ಲೊಂದು. ಗಣಿತಜ್ಞನಿಗೆ ಪ್ರತಿದಿನವೂ ಅಂಥ ಮಧ್ಯಾಹ್ನವೇ. ಅಲ್ಲದೆ ಅಕ್ಷದ ಕೆಳಗೆ ಇಳಿದ ರೇಖಾಭಾಗದ ನೆರಳು ಮೇಲ್ಮುಖವಾಗಿ ಬೀಳಬೇಕಾಗುತ್ತದೆ. ಸೂರ್ಯನಿಂದಾಗದ ಆ ಕೆಲಸವನ್ನು ಲಂಬಪ್ರಕ್ಷೇಪವು, ಎಂದರೆ ಪ್ರತಿ ಬಿಂದುವಿನಿಂದ ಅಕ್ಷಕ್ಕೆ ನೆಟ್ಟಗೆ ಲಂಬವನ್ನೆಳೆಯುವ ಕ್ರಮವು, ನಡೆಸಿಕೊಡುತ್ತದೆ.

ಗ್ರಾಫ್ ಹಾಳೆಯೊಂದನ್ನು ತೆಗೆದುಕೊಂಡು ಒಂದು ನಕ್ಷೆಯನ್ನು ಹತ್ತಿರದಿಂದಲೇ ನೋಡೋಣ. ನಿಯಮವಿದು: ಎಕ್ಸ್ ಎಂಬ ಸಂಖ್ಯೆಯನ್ನು ವರ್ಗ ಮಾಡಿ, ಅದನ್ನು ೨೫ರಿಂದ ಕಳೆದು, ಉಳಿದುದರ ವರ್ಗಮೂಲವನ್ನು ತೆಗೆಯತಕ್ಕದ್ದು. ಸೊನ್ನೆಯನ್ನು ಕೊಟ್ಟರೆ ೫ ಬರುತ್ತದೆ. ೩ನ್ನು ಕೊಟ್ಟರೆ ೪, ೪ನ್ನು ಕೊಟ್ಟರೆ ೩, ೫ನ್ನು ಕೊಟ್ಟರೆ ಸೊನ್ನೆ. ಎಡಗಡೆಗೂ ಇದೇ ಫಲಗಳು ಪುನರಾವರ್ತಿಸುತ್ತವೆ. ಪೆನ್ಸಿಲನ್ನು ಹಗುರವಾಗಿ ಹಿಡಿದು ಈ ಬಿಂದುಗಳನ್ನು ಕೂಡಿಸಿದರೆ ಹಾಳೆಯ ಮೇಲೆ ಮೇಲ್ಮುಖವಾದ ಅರ್ಧವೃತ್ತ ಮೂಡುತ್ತದೆ. ಅದರ ನೆಲದ ನೆರಳು ಋಣ ೫ರಿಂದ ಧನ ೫ರವರೆಗೆ, ಹತ್ತು ಮನೆಗಳಷ್ಟು ಉದ್ದ. ಗೋಡೆಯ ನೆರಳು ಸೊನ್ನೆಯಿಂದ ೫ರವರೆಗೆ, ಐದೇ ಮನೆಗಳಷ್ಟು ಎತ್ತರ. ವೃತ್ತವೆಂಬ ಪೂರ್ವಸ್ಮೃತಿಯಿಂದ ಮೋಸಹೋಗಿ ವ್ಯಾಪ್ತಿಯನ್ನೂ ಋಣ ೫ರಿಂದಲೇ ಆರಂಭಿಸುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ಅವರು ನೋಡುತ್ತಿರುವುದು ಎದುರಿಗಿರುವ ರೇಖೆಯನ್ನಲ್ಲ, ತಾವು ಹಿಂದೆ ಕಂಡಿದ್ದ ಬೇರೊಂದನ್ನು. ಇಲ್ಲಿ ಇನ್ನೊಂದು ವಿಶೇಷವನ್ನು ಗಮನಿಸಬೇಕು. ನಿಯಮವನ್ನು ಮಾತ್ರ ಕೈಯಲ್ಲಿ ಹಿಡಿದವನಿಗೆ ಕ್ಷೇತ್ರ ಸುಲಭವಾಗಿ ಸಿಗುತ್ತದೆ, ವರ್ಗಮೂಲದೊಳಗೆ ಋಣಸಂಖ್ಯೆ ಬರಬಾರದು ಎಂಬ ಒಂದೇ ವಿಚಾರ ಅದಕ್ಕೆ ಸಾಕು. ವ್ಯಾಪ್ತಿಯನ್ನು ಕಾಣಲಾದರೋ ಆತನು ಅತ್ಯಧಿಕವೆಷ್ಟು, ಅತ್ಯಲ್ಪವೆಷ್ಟು, ನಡುವಿನ ಎಲ್ಲ ಬೆಲೆಗಳೂ ಬರುತ್ತವೆಯೇ ಎಂದು ಸಾಕಷ್ಟು ತೊಳಲಬೇಕಾಗುತ್ತದೆ. ನಕ್ಷೆಯನ್ನು ಮುಂದಿಟ್ಟುಕೊಂಡವನಿಗೆ ಎರಡೂ ಏಕಕಾಲದಲ್ಲಿ ದೃಗ್ಗೋಚರವಾಗುತ್ತವೆ. ವ್ಯಾಪ್ತಿಯ ಮಟ್ಟಿಗೆ ಹೇಳುವುದಾದರೆ ನಕ್ಷೆಯು ಮಾಡಿಕೊಡುವ ಉಪಕಾರ ಸಾಮಾನ್ಯವಾದುದಲ್ಲ.

ಮಕ್ಕಳ ಕೈಗೆ ನಾನು ಕೊಡುವ ಉಪಕರಣ ಒಂದು ಸ್ಕೇಲು, ಅಷ್ಟೆ. ಅದನ್ನು ಹಾಳೆಯ ಎಡ ಅಂಚಿನಲ್ಲಿ ನೆಟ್ಟಗೆ ನಿಲ್ಲಿಸಿ, ಓರೆಯಾಗದಂತೆ ಬಲಕ್ಕೆ ಮೆಲ್ಲಮೆಲ್ಲನೆ ಸರಿಸುತ್ತ ಹೋಗಬೇಕು. ಸ್ಕೇಲಿನ ಅಂಚು ರೇಖೆಯನ್ನು ಮುಟ್ಟಿದ ಕಡೆಯಲ್ಲೆಲ್ಲ ಕ್ಷೇತ್ರವಿದೆ. ಮುಟ್ಟದ ಕಡೆ ಇಲ್ಲ. ಹೀಗೆ ಸರಿಸುವಾಗ ಅಂಚು ಒಮ್ಮೆಗೆ ಎರಡು ಕಡೆ ರೇಖೆಯನ್ನು ಮುಟ್ಟಿದರೆ ಅದು ಉತ್ಪನ್ನವೇ ಅಲ್ಲವೆಂದು ತಿಳಿದು ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು. ಬಳಿಕ ಸ್ಕೇಲನ್ನು ಮಲಗಿಸಿ, ಹಾಳೆಯ ಕೆಳ ಅಂಚಿನಿಂದ ಮೇಲಕ್ಕೆ ಸರಿಸಬೇಕು. ಈ ಬಾರಿ ಅದು ರೇಖೆಯನ್ನು ಎರಡು ಕಡೆ ಮುಟ್ಟಿದರೂ ಹತ್ತು ಕಡೆ ಮುಟ್ಟಿದರೂ ಬಾಧಕವಿಲ್ಲ. ಒಂದೇ ಫಲವು ಹಲವು ಮೂಲಗಳಿಂದ ಬಂದರೂ ವ್ಯಾಪ್ತಿಯಲ್ಲಿ ಅದರ ಲೆಕ್ಕ ಒಂದೇ.

ರೇಖೆಯ ನಡುಭಾಗವನ್ನು ಓದುವುದು ಇಷ್ಟು ಸುಲಭ. ಕಷ್ಟವಿರುವುದೆಲ್ಲ ತುದಿಗಳಲ್ಲಿ. ಅಂಚೆಯ ಲಕೋಟೆಯನ್ನೇ ನೋಡೋಣ. ೨೦ ಗ್ರಾಮಿನವರೆಗಿನ ಲಕೋಟೆಗೆ ೫ ರೂಪಾಯಿ, ಅಲ್ಲಿಂದ ಮುಂದೆ ಪ್ರತಿ ೨೦ ಗ್ರಾಮಿಗೆ ಅಥವಾ ಅದರ ಭಾಗಕ್ಕೆ ಮತ್ತೆ ೫ ರೂಪಾಯಿ, ಇದು ನಾವು ಬಹುಕಾಲದಿಂದ ಬಲ್ಲ ದರ. ೧೦೦ ಗ್ರಾಮಿನವರೆಗೆ ಇದರ ನಕ್ಷೆಯನ್ನು ಎಳೆದರೆ ಒಂದರ ಮೇಲೊಂದಾಗಿ, ಒಂದರಿಂದೊಂದು ಬೇರ್ಪಟ್ಟು ನಿಂತ ಐದು ಅಡ್ಡಗೆರೆಗಳು ದೊರೆಯುತ್ತವೆ. ಸರಿಯಾಗಿ ೨೦ ಗ್ರಾಂ ತೂಗುವ ಲಕೋಟೆ ೫ ರೂಪಾಯಿಗೇ ಹೋಗತಕ್ಕದ್ದು. ಆದ್ದರಿಂದ ಮೊದಲ ಗೆರೆಯ ಬಲತುದಿಯಲ್ಲಿ ತುಂಬಿದ ಚುಕ್ಕೆಯನ್ನು ಇಡುತ್ತೇವೆ. ಎರಡನೆಯ ಗೆರೆ ಅದೇ ೨೦ರ ನೇರಕ್ಕೆ, ಮೇಲೆ, ಆರಂಭವಾಗುವಂತೆ ಕಂಡರೂ ಆ ಸ್ಥಾನ ಅದಕ್ಕೆ ಸೇರಿದ್ದಲ್ಲ. ಆದ್ದರಿಂದ ಅಲ್ಲಿ ಟೊಳ್ಳಾದ ಸಣ್ಣ ವೃತ್ತ. ಸೊನ್ನೆಯಲ್ಲಿಯೂ ಟೊಳ್ಳು ವೃತ್ತವೇ, ಏಕೆಂದರೆ ತೂಕವೇ ಇಲ್ಲದ ಪತ್ರವನ್ನು ಯಾರೂ ಅಂಚೆಗೆ ಹಾಕಲಾರರು. ಕ್ಷೇತ್ರವು ಸೊನ್ನೆಯನ್ನು ಬಿಟ್ಟು ೧೦೦ರವರೆಗಿನ ಅಖಂಡವಾದ ಹರವು. ಅದರೊಳಗೆ ಎಷ್ಟು ಸೂಕ್ಷ್ಮವಾದ ತೂಕಕ್ಕೂ ಸ್ಥಾನವಿದೆ. ವ್ಯಾಪ್ತಿಯಾದರೋ ೫, ೧೦, ೧೫, ೨೦, ೨೫ ಎಂಬ ಐದು ಸಂಖ್ಯೆಗಳು ಮಾತ್ರ. ನೆಲದ ಮೇಲೆ ಬಿರುಕಿಲ್ಲದ ಉದ್ದನೆಯ ನೆರಳು, ಗೋಡೆಯ ಮೇಲೆ ಐದು ಚುಕ್ಕೆಗಳು! ಈ ನಕ್ಷೆಯನ್ನು ಮೊದಲ ಬಾರಿ ಕಂಡ ವಿದ್ಯಾರ್ಥಿಗಳು ಐದು ಗೆರೆಗಳನ್ನು ಲಂಬವಾದ ಗೆರೆಗಳಿಂದ ಜೋಡಿಸಲು ಕೈ ಚಾಚುವುದನ್ನು ನಾನು ಕಂಡಿದ್ದೇನೆ. ಜೋಡಿಸಿದರೆ ಏಳೂವರೆ ರೂಪಾಯಿಯ ಲಕೋಟೆಯೂ ಇರುತ್ತದೆಂದು ಒಪ್ಪಿದಂತಾಗುತ್ತದೆ, ಅಂತಹದು ಅಂಚೆಯ ಲೆಕ್ಕದಲ್ಲಿಲ್ಲ.

ಆ ಟೊಳ್ಳು ವೃತ್ತದ ವಿಷಯದಲ್ಲಿ ನನಗೆ ವಿಶೇಷವಾದ ಆದರವಿದೆ. ಎಕ್ಸ್‌ನ ವರ್ಗದಿಂದ ಒಂದನ್ನು ಕಳೆದು, ಅದನ್ನು ಎಕ್ಸ್‌ನಿಂದ ಒಂದನ್ನು ಕಳೆದುದರಿಂದ ಭಾಗಿಸುವ ಉತ್ಪನ್ನವನ್ನು ತೆಗೆದುಕೊಳ್ಳಿ. ಭಾಗಾಕಾರ ಮುಗಿದ ಮೇಲೆ ಉಳಿಯುವುದು ಎಕ್ಸ್‌ಗೆ ಒಂದನ್ನು ಕೂಡಿಸಿದಷ್ಟೇ. ನಕ್ಷೆಯು ಓರೆಯಾದ ಸರಳರೇಖೆ. ಆದರೆ ಎಕ್ಸ್ ಒಂದಾದಾಗ ಛೇದವು ಸೊನ್ನೆಯಾಗುವುದರಿಂದ ಅಲ್ಲಿ ಉತ್ಪನ್ನಕ್ಕೆ ಬೆಲೆಯೇ ಇಲ್ಲ, ರೇಖೆಯಿಂದ ಒಂದೇ ಒಂದು ಬಿಂದು ಬಿದ್ದುಹೋಗಿದೆ. ಕ್ಷೇತ್ರದಿಂದ ೧, ವ್ಯಾಪ್ತಿಯಿಂದ ೨, ಎರಡೂ ಹೊರಗೆ. ಬಿಂದುವಿಗೆ ಅಗಲವಿಲ್ಲ, ಆದಕಾರಣ ಅದು ಬಿದ್ದುಹೋದ ತೆರವಿಗೂ ಅಗಲವಿಲ್ಲ, ಎಷ್ಟೇ ಬಲವಾದ ಭೂತಗನ್ನಡಿಯನ್ನು ಹಿಡಿದರೂ ಕಾಣದು. ಕಾಣದುದನ್ನು ಕಾಣಿಸಲೇಬೇಕೆಂಬ ನಿಷ್ಠೆಯಿಂದ ಗಣಿತಜ್ಞರು ಅಲ್ಲೊಂದು ಪುಟ್ಟ ವೃತ್ತವನ್ನು ಬರೆಯುತ್ತಾರೆ. ಇಡೀ ರೇಖೆಯಲ್ಲಿ ಇಲ್ಲದಿರುವುದು ಒಂದೇ ಬಿಂದು; ಅದರ ಗೈರುಹಾಜರಿಯನ್ನೂ ಗೌರವದಿಂದ ನಮೂದಿಸುವ ಈ ಪದ್ಧತಿ ನನಗೆ ಬಹಳ ಪ್ರಿಯವಾದುದು. ಇದಕ್ಕೆ ವಿರುದ್ಧವಾದ ತೊಡಕೂ ಉಂಟು. ಒಂದನ್ನು ಎಕ್ಸ್‌ನಿಂದ ಭಾಗಿಸುವ ಉತ್ಪನ್ನದ ರೇಖೆ ಬಲಕ್ಕೆ ಸಾಗಿದಂತೆಲ್ಲ ಅಡ್ಡ ಅಕ್ಷಕ್ಕೆ ಸಮೀಪಿಸುತ್ತ ಹೋಗುತ್ತದೆ, ಎಂದಿಗೂ ಮುಟ್ಟುವುದಿಲ್ಲ. ಹಾಳೆಯ ಮೇಲಾದರೋ ಪೆನ್ಸಿಲಿನ ಗೆರೆಗೆ ದಪ್ಪವಿದೆ, ಅಕ್ಷದ ಗೆರೆಗೂ ದಪ್ಪವಿದೆ. ಸ್ವಲ್ಪ ದೂರದಲ್ಲಿಯೇ ಎರಡೂ ಬೆರೆತು ಒಂದಾಗುತ್ತವೆ. ಕಣ್ಣು ಮುಟ್ಟಿತೆನ್ನುತ್ತದೆ, ಬುದ್ಧಿ ಇಲ್ಲವೆನ್ನುತ್ತದೆ. ಸೊನ್ನೆಯು ವ್ಯಾಪ್ತಿಯಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಇಲ್ಲಿ ಬುದ್ಧಿಯೇ ಹೇಳಬೇಕು.

ಈ ತುದಿಗಳ ವಿಚಾರದಲ್ಲಿ ನಾನು ಕೇಳಿದ ಅತ್ಯುತ್ತಮ ಪ್ರಶ್ನೆ ದೃಷ್ಟಿಯಿಲ್ಲದ ವಿದ್ಯಾರ್ಥಿನಿಯೊಬ್ಬಳಿಂದ ಬಂದುದು. ಆಕೆಗಾಗಿ ರಟ್ಟಿನ ಹಾಳೆಯ ಮೇಲೆ ಅಕ್ಷಗಳಿಗೆ ಸಪೂರವಾದ ನೂಲನ್ನೂ ವಕ್ರರೇಖೆಗೆ ಸಣಬಿನ ದಪ್ಪ ದಾರವನ್ನೂ ಅಂಟಿಸಿ, ತುಂಬಿದ ಚುಕ್ಕೆಯ ಬದಲಿಗೆ ಮೆಣಸಿನ ಕಾಳನ್ನೂ ಟೊಳ್ಳು ವೃತ್ತದ ಬದಲಿಗೆ ಸಣ್ಣ ವಾಷರನ್ನೂ ಕೂರಿಸುತ್ತಿದ್ದೆವು. ಆಕೆ ಓದುತ್ತಿದ್ದ ರೀತಿಯನ್ನು ನೋಡುವುದೇ ಒಂದು ಪಾಠವಾಗಿತ್ತು. ಬಲಗೈಯ ತೋರುಬೆರಳು ದಾರದ ಮೇಲೆ ಸಾಗುತ್ತಿದ್ದಂತೆಯೇ ಎಡಗೈಯ ತೋರುಬೆರಳು ಅದರ ನೇರ ಕೆಳಗೆ, ಅಡ್ಡ ನೂಲಿನ ಮೇಲೆ, ಜೊತೆಜೊತೆಗೆ ಸಾಗುತ್ತಿತ್ತು. ಬಲಬೆರಳಿಗೆ ಮೆಣಸಿನ ಕಾಳು ತಾಕಿದೊಡನೆ ಎಡಬೆರಳು ನಿಂತು, ನೂಲಿನ ಮೇಲಿನ ಗಂಟುಗಳನ್ನು ಎಣಿಸಿ ಕ್ಷೇತ್ರದ ಗಡಿಯನ್ನು ಹೇಳಿಬಿಡುತ್ತಿತ್ತು. ನಾವು ಕಲ್ಪನೆಯಿಂದ ಬೀಳಿಸಿಕೊಳ್ಳುವ ನೆರಳನ್ನು ಆಕೆ ಬೆರಳಿನಿಂದಲೇ ಹಿಡಿಯುತ್ತಿದ್ದಳು. ಒಂದು ದಿನ ಎಕ್ಸ್‌ನ ವರ್ಗದ ನಕ್ಷೆಯನ್ನು, ಎಂದರೆ ಬಟ್ಟಲಿನಾಕಾರದ ಪರವಲಯವನ್ನು, ಆಕೆಯ ಮುಂದಿಟ್ಟೆ. ದಾರದ ಜೊತೆಯಲ್ಲಿ ಮೇಲೇರಿ ರಟ್ಟಿನ ಅಂಚಿಗೆ ಬಂದ ಬೆರಳಿಗೆ ಅಲ್ಲಿ ಕಾಳೂ ಸಿಗಲಿಲ್ಲ, ವಾಷರೂ ಸಿಗಲಿಲ್ಲ. ಆಕೆ ಕ್ಷಣಕಾಲ ಸುಮ್ಮನಿದ್ದು ಕೇಳಿದಳು: "ಸರ್, ಇಲ್ಲಿ ದಾರ ಮುಗೀತೋ, ರಟ್ಟು ಮುಗೀತೋ?"

"ರಟ್ಟು ಮುಗಿದದ್ದು, ಕಣಮ್ಮ. ದಾರ ಇನ್ನೂ ಹೋಗುತ್ತೆ" ಎಂದೆ.

"ಹಾಗಾದರೆ ಎಕ್ಸ್‌ಗೆ ಗಡಿಯೇ ಇಲ್ಲ, ವೈ ಸೊನ್ನೆಯಿಂದ ಮೇಲಕ್ಕೆ ಎಷ್ಟು ಬೇಕಾದರೂ" ಎಂದು ಆಕೆ ತಡವಿಲ್ಲದೆ ಉತ್ತರಿಸಿದಳು. ಉತ್ತರ ಸರಿಯೇ, ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಆ ಪ್ರಶ್ನೆ. ಮುದ್ರಿತ ನಕ್ಷೆಗಳಲ್ಲಿ ರೇಖೆಯ ತುದಿಗೆ ಬಾಣದ ಗುರುತನ್ನು ಇಡುವುದು ಇದೇ ಪ್ರಶ್ನೆಗೆ ಮುಂಚಿತವಾಗಿ ಕೊಟ್ಟ ಉತ್ತರ. ಕಣ್ಣುಳ್ಳವರು ಬಾಣವನ್ನು ಕಂಡೂ ಕಾಣದವರಂತೆ ದಾಟಿಹೋಗುತ್ತಾರೆ, ಹಾಳೆಯ ಅಂಚನ್ನೇ ಉತ್ಪನ್ನದ ಅಂಚೆಂದು ಬಗೆದು "ಕ್ಷೇತ್ರವು ಋಣ ೬ರಿಂದ ಧನ ೬ರವರೆಗೆ" ಎಂದು ಬರೆದುಬಿಡುತ್ತಾರೆ. ಒಂದು ಗೆರೆ ನಿಲ್ಲುವುದಕ್ಕೆ ಕಾರಣಗಳು ಹಲವಿರಬಹುದು: ಹಾಳೆ ಸಾಲದೆ ನಿಂತಿರಬಹುದು, ನಿಯಮವು ಅರ್ಥಹೀನವಾಗುವುದರಿಂದ ನಿಂತಿರಬಹುದು, ಅಥವಾ ನಿಯಮಕ್ಕೆ ಏನೂ ಅಡ್ಡಿಯಿಲ್ಲದಿದ್ದರೂ ಅದು ವರ್ಣಿಸುತ್ತಿರುವ ವಸ್ತುವೇ ಅಲ್ಲಿಗೆ ಮುಗಿದಿರಬಹುದು. ಇವುಗಳನ್ನು ಒಂದರಿಂದೊಂದು ಬೇರ್ಪಡಿಸಿ ನೋಡದೆ ಕ್ಷೇತ್ರವನ್ನು ಹೇಳಹೊರಡುವುದು ನಕ್ಷೆಯನ್ನು ಅರ್ಧ ಮಾತ್ರ ಓದಿದಂತೆ.

ವಸ್ತುವೇ ಗಡಿಯನ್ನು ಹಾಕುವ ನಕ್ಷೆಗೆ ನಮ್ಮ ಸೀಮೆಯಲ್ಲಿ ಉದಾಹರಣೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ೧೯೧೧ರಲ್ಲಿ ಕಟ್ಟಲಾರಂಭಿಸಿದ ಕೃಷ್ಣರಾಜಸಾಗರ ಅಣೆಕಟ್ಟೆಯ ನೀರಿನ ಮಟ್ಟವನ್ನು ಪತ್ರಿಕೆಗಳು ದಿನದಿನವೂ ಅಡಿಗಳ ಲೆಕ್ಕದಲ್ಲಿ ಪ್ರಕಟಿಸುತ್ತವೆ. ಪಕ್ಕದಲ್ಲಿಯೇ ಗರಿಷ್ಠ ಮಟ್ಟ ೧೨೪.೮೦ ಅಡಿ ಎಂದು ಅಚ್ಚಾಗಿರುತ್ತದೆ, ಒಳಹರಿವು ಹೊರಹರಿವುಗಳ ಕ್ಯುಸೆಕ್ ಲೆಕ್ಕವೂ ಇರುತ್ತದೆ. ಕಾವೇರಿ ಕೊಳ್ಳದ ಜಲವರ್ಷ ಜೂನ್ ೧ರಿಂದ ಮೇ ೩೧ರವರೆಗೆ. ಅಡ್ಡ ಅಕ್ಷದ ಮೇಲೆ ಆ ದಿನಗಳನ್ನೂ ಲಂಬ ಅಕ್ಷದ ಮೇಲೆ ಅಡಿಗಳನ್ನೂ ಗುರುತಿಸಿ, ಪತ್ರಿಕೆಯಲ್ಲಿ ಬಂದ ಮಟ್ಟವನ್ನು ಒಂದೊಂದೇ ಚುಕ್ಕೆಯಾಗಿ ತುಂಬುತ್ತ ಹೋದರೆ ವರ್ಷದ ಕೊನೆಗೆ ಸೊಗಸಾದ ರೇಖೆಯೊಂದು ನಿಲ್ಲುತ್ತದೆ: ಬೇಸಗೆಯ ತಳಮಟ್ಟದಿಂದ ಹೊರಟು, ಕೊಡಗಿನಲ್ಲಿ ಮಳೆ ಹಿಡಿದೊಡನೆ ಸರಸರನೆ ಏರಿ, ಮೇಲುಗಡೆ ಕೆಲಕಾಲ ತಂಗಿದ್ದು, ನಾಲೆಗಳಿಗೆ ನೀರು ಹರಿದಂತೆಲ್ಲ ಮೆಲ್ಲಮೆಲ್ಲನೆ ಇಳಿಯುವ ರೇಖೆ. ಇದರ ಕ್ಷೇತ್ರ ಯಾವುದು? ನಮಗೆ ದೊರೆತ ಚುಕ್ಕೆಗಳು ದಿನಕ್ಕೊಂದರಂತೆ ಬಿಡಿಬಿಡಿಯಾದವು. ಆದರೂ ನಾವು ಅವುಗಳನ್ನು ಗೆರೆಯಿಂದ ಜೋಡಿಸುತ್ತೇವೆ, ಅಂಚೆಯ ನಕ್ಷೆಯಲ್ಲಿ ನಿಷಿದ್ಧವಾಗಿದ್ದ ಆ ಜೋಡಣೆ ಇಲ್ಲಿ ವಿಹಿತವಾಗುತ್ತದೆ. ಏಕೆಂದರೆ ನಡುರಾತ್ರಿಯಲ್ಲಿಯೂ ಅಣೆಕಟ್ಟೆಯಲ್ಲಿ ನೀರಿದೆ, ಅದಕ್ಕೊಂದು ಮಟ್ಟವಿದೆ. ಮತ್ತು ೯೦ ಅಡಿಯಲ್ಲಿದ್ದ ನೀರು ೧೦೦ ಅಡಿಗೆ ಏರಬೇಕಾದರೆ ನಡುವಿನ ಪ್ರತಿಯೊಂದು ಮಟ್ಟವನ್ನೂ ಹಾದೇ ಏರಬೇಕು, ನೀರಿಗೆ ಜಿಗಿತವಿಲ್ಲ. ಆದುದರಿಂದ ವ್ಯಾಪ್ತಿಯು ಆ ವರ್ಷದ ಅತಿ ಕೆಳಗಿನ ಮಟ್ಟದಿಂದ ಅತಿ ಮೇಲಿನ ಮಟ್ಟದವರೆಗೆ, ಎಲ್ಲಿಯೂ ತೆರವಿಲ್ಲದ ಒಂದೇ ಹರವು.

ಮೇಲಿನ ಗಡಿ ೧೨೪.೮೦ ಎಂದು ಬರೆಯಲು ಯಾರ ಕೈಯಾದರೂ ಮುಂದಾಗುತ್ತದೆ, ಪತ್ರಿಕೆಯಲ್ಲಿ ಪ್ರತಿದಿನವೂ ಆ ಸಂಖ್ಯೆ ಅಚ್ಚಾಗಿದೆಯಲ್ಲ! ಆದರೆ ಮುಟ್ಟಬಹುದಾದ ಮಟ್ಟ ಬೇರೆ, ಮುಟ್ಟಿದ ಮಟ್ಟ ಬೇರೆ. ೨೦೨೩ರಲ್ಲಿ ಮುಂಗಾರು ಕೈಕೊಟ್ಟಿತು; ಅಣೆಕಟ್ಟೆ ತುಂಬಲಿಲ್ಲ. ಆ ವರ್ಷದ ರೇಖೆಯ ವ್ಯಾಪ್ತಿಯಲ್ಲಿ ೧೨೪.೮೦ ಇಲ್ಲ. ಮರುವರ್ಷ ಜುಲೈ ತಿಂಗಳಿನಲ್ಲಿ ಅದು ತುಂಬಿತು; ಆ ವರ್ಷದ ವ್ಯಾಪ್ತಿಯ ತುದಿಯಲ್ಲಿ ಆ ಸಂಖ್ಯೆ ತುಂಬಿದ ಚುಕ್ಕೆಯಾಗಿ ನಿಂತಿತು. ಎರಡು ವರ್ಷಗಳಿಗೂ ನೆಲದ ನೆರಳು ಒಂದೇ, ಜೂನಿನಿಂದ ಮೇವರೆಗೆ. ಗೋಡೆಯ ನೆರಳಿನಲ್ಲಿ ಮಾತ್ರ ಭೇದ, ಮಂಡ್ಯದ ಸೀಮೆಯ ಒಕ್ಕಲಿಗೆ ಭತ್ತವೋ ರಾಗಿಯೋ ಎಂಬುದನ್ನು ನಿರ್ಣಯಿಸುವಷ್ಟು ದೊಡ್ಡ ಭೇದ. ಅಣೆಕಟ್ಟೆ ತುಂಬಿದಾಗ ನಾಡಿನ ಮುಖ್ಯಮಂತ್ರಿಗಳು ಬಂದು ಕಾವೇರಿಗೆ ಬಾಗಿನವನ್ನು ಅರ್ಪಿಸುವ ಪದ್ಧತಿಯಿದೆ. ವ್ಯಾಪ್ತಿಯ ಮೇಲ್ಗಡಿಯನ್ನು ತಲಪಿದುದಕ್ಕಾಗಿ ಮೊರ, ಅರಿಸಿನ, ಕುಂಕುಮ, ಬಳೆಗಳ ಸಮೇತ ಸಾರ್ವಜನಿಕವಾಗಿ ಪೂಜೆ ನಡೆಯುವ ಉತ್ಪನ್ನ ಬೇರೊಂದು ಇರಲಾರದೆಂದು ನನಗೆ ತೋರುತ್ತದೆ. ತರಗತಿಯಲ್ಲಿ ಗರಿಷ್ಠ ಬೆಲೆಯ ಪಾಠ ಬಂದಾಗ ನಾನು ಇದನ್ನು ಹೇಳದೆ ಬಿಟ್ಟವನಲ್ಲ.

ಆದರೂ ಗೋಡೆಯ ನೆರಳು ಎಲ್ಲವನ್ನೂ ಹೇಳುವುದಿಲ್ಲ. ೨೦೨೫ರಲ್ಲಿ ಜೂನ್ ಮುಗಿಯುವುದರೊಳಗೆ ಅಣೆಕಟ್ಟೆ ತುಂಬಿತು. ಹಿಂದಿನ ವರ್ಷ ತುಂಬಲು ಜುಲೈ ಕೊನೆಯ ವಾರದವರೆಗೆ ಕಾಯಬೇಕಾಗಿತ್ತು. ಈ ಎರಡು ರೇಖೆಗಳ ವ್ಯಾಪ್ತಿಯ ಮೇಲ್ಗಡಿ ಒಂದೇ. ನಾಟಿಗೆ ಕಾದಿರುವ ರೈತನಿಗೆ ಬಹಳ ಮುಖ್ಯವಾದ "ಯಾವಾಗ?" ಎಂಬ ಪ್ರಶ್ನೆ ಗೋಡೆಯ ನೆರಳಿನಲ್ಲಿ ಅಳಿಸಿಹೋಗಿರುತ್ತದೆ. ಅದಕ್ಕಾಗಿ ನೆರಳನ್ನು ಬಿಟ್ಟು ರೇಖೆಗೇ ಮರಳಬೇಕು. ಕ್ಷೇತ್ರ ವ್ಯಾಪ್ತಿಗಳನ್ನು ಕಂಡುಹಿಡಿದಮಾತ್ರಕ್ಕೆ ಉತ್ಪನ್ನವನ್ನು ಅರಿತಂತಾಯಿತೆಂದು ನಾನು ವಾದಿಸುತ್ತಿಲ್ಲ. ಅರಿಯುವ ಕೆಲಸಕ್ಕೆ ತೊಡಗುವ ಮುನ್ನ ಹಾಕಿಕೊಳ್ಳಬೇಕಾದ ಎಲ್ಲೆಕಟ್ಟು ಅದು.

ನಿಯಮಕ್ಕೆ ಅಡ್ಡಿಯಿಲ್ಲದಿದ್ದರೂ ಅದರ ಅರ್ಥವು ಮೊದಲೇ ಮುಗಿದುಹೋಗುವ ಸಂದರ್ಭಕ್ಕೆ ನನಗೆ ಅತ್ಯಂತ ಪ್ರಿಯವಾದ ನಿದರ್ಶನ ಏಳನೆಯ ಶತಮಾನದ ಒಂದನೆಯ ಭಾಸ್ಕರನ ಸೂತ್ರ. ಲೀಲಾವತಿಯನ್ನು ಬರೆದ ಭಾಸ್ಕರಾಚಾರ್ಯನಿಗೂ ಶತಮಾನಗಳಷ್ಟು ಹಿಂದಿನವನೀತ. ಆರ್ಯಭಟನ ಗ್ರಂಥಕ್ಕೆ ವ್ಯಾಖ್ಯಾನವನ್ನು ಬರೆದವನು. ಆರ್ಯಭಟನು ಕೋನದ ಜ್ಯಾ ಬೆಲೆಗಳಿಗೆ, ಇಂದಿನ ಸೈನ್‌ಗೆ, ೨೪ ಮೆಟ್ಟಿಲುಗಳ ಕೋಷ್ಟಕವನ್ನು ಕೊಟ್ಟಿದ್ದನು. ಭಾಸ್ಕರನಾದರೋ ಕೋಷ್ಟಕದ ಹಂಗನ್ನೇ ತೊರೆದು, ತನ್ನ ಮಹಾಭಾಸ್ಕರೀಯದಲ್ಲಿ, ನಾಲ್ಕಾರು ಗುಣಾಕಾರ ಭಾಗಾಕಾರಗಳಿಂದಲೇ ಆ ಬೆಲೆಯನ್ನು ತಂದುಕೊಡುವ ವಿಧಿಯನ್ನು ಹೇಳಿದನು. ಇಂದಿನ ಡಿಗ್ರಿಗಳಲ್ಲಿ ಹೇಳುವುದಾದರೆ, ಕೋನವನ್ನು ೧೮೦ರಿಂದ ಕಳೆದು ಅದೇ ಕೋನದಿಂದ ಗುಣಿಸತಕ್ಕದ್ದು. ಆ ಗುಣಲಬ್ಧದ ನಾಲ್ಕರಷ್ಟನ್ನು, ೪೦೫೦೦ರಿಂದ ಆ ಗುಣಲಬ್ಧವನ್ನು ಕಳೆದು ಉಳಿದುದರಿಂದ ಭಾಗಿಸತಕ್ಕದ್ದು. ೩೦ ಡಿಗ್ರಿಯನ್ನು ಇಟ್ಟು ನೋಡಿ: ೩೦ನ್ನು ೧೫೦ರಿಂದ ಗುಣಿಸಿದರೆ ೪೫೦೦, ಅದರ ನಾಲ್ಕರಷ್ಟು ೧೮೦೦೦, ಛೇದವು ೩೬೦೦೦, ಫಲ ಸರಿಯಾಗಿ ಅರ್ಧ. ೯೦ ಡಿಗ್ರಿಗೆ ಫಲ ಸರಿಯಾಗಿ ೧. ನಡುವಿನ ಕೋನಗಳಿಗೂ ನಿಜವಾದ ಬೆಲೆಯಿಂದ ಇದರ ಅಂತರ ಸಾವಿರದಲ್ಲಿ ಎರಡು ಪಾಲನ್ನು ಎಲ್ಲಿಯೂ ಮುಟ್ಟುವುದಿಲ್ಲ. ಸೊನ್ನೆಯಿಂದ ೧೮೦ರವರೆಗೆ ಎರಡರ ನಕ್ಷೆಗಳನ್ನೂ ಒಂದೇ ಹಾಳೆಯ ಮೇಲೆ ಎಳೆದರೆ ಪೆನ್ಸಿಲಿನ ದಪ್ಪದೊಳಗೆ ಒಂದು ಇನ್ನೊಂದರಲ್ಲಿ ಅಡಗಿಬಿಡುತ್ತದೆ.

ಈಗ ಹಾಳೆಯನ್ನು ಎರಡೂ ಕಡೆಗೆ ವಿಸ್ತರಿಸೋಣ. ಸೂತ್ರದ ಛೇದವನ್ನು ಸ್ವಲ್ಪ ಪರೀಕ್ಷಿಸಿದರೆ ಅದು ೩೨೪೦೦ಕ್ಕಿಂತ ಎಂದೂ ಕಡಮೆಯಾಗದೆಂದು ತಿಳಿಯುತ್ತದೆ, ಸೊನ್ನೆಯಾಗುವ ಭಯವಿಲ್ಲ. ಆದುದರಿಂದ ಬೀಜಗಣಿತದ ದೃಷ್ಟಿಯಿಂದ ಅದರ ಕ್ಷೇತ್ರ ಸಮಸ್ತ ವಾಸ್ತವ ಸಂಖ್ಯೆಗಳು, ಯಾವ ಕೋನವನ್ನು ಕೊಟ್ಟರೂ ಅದೊಂದು ಉತ್ತರವನ್ನು ಕೊಟ್ಟೇ ಕೊಡುತ್ತದೆ. ಎಂತಹ ಉತ್ತರ? ೨೭೦ ಡಿಗ್ರಿಗೆ ಸೈನ್‌ನ ಬೆಲೆ ಋಣ ೧. ಸೂತ್ರವು ಕೊಡುವುದು ಋಣ ಒಂದೂವರೆ. ನಿಜವಾದ ಸೈನ್ ರೇಖೆಯು ಎರಡು ಕಡೆಗೂ ಅನಂತವಾಗಿ, ಧನ ೧ ಋಣ ೧ರ ನಡುವೆ ಏರಿಳಿಯುತ್ತ ಸಾಗುತ್ತದೆ. ಭಾಸ್ಕರನ ಸೂತ್ರದ ರೇಖೆಯು ೯೦ರಲ್ಲಿ ಒಂದೇ ಒಂದು ಶಿಖರವನ್ನು ಮುಟ್ಟಿ, ಎರಡೂ ಮಗ್ಗುಲಿಗೆ ಇಳಿಯುತ್ತ ಇಳಿಯುತ್ತ ಋಣ ೪ರ ಮಟ್ಟವನ್ನು ಸಮೀಪಿಸಿ, ಅದನ್ನು ಎಂದಿಗೂ ಮುಟ್ಟದೆ ಮುಂದೆ ಹೋಗುತ್ತದೆ. ವ್ಯಾಪ್ತಿಯು ಋಣ ೪ನ್ನು ಬಿಟ್ಟು ಅಲ್ಲಿಂದ ೧ರವರೆಗೆ, ೧ನ್ನು ಸೇರಿಸಿಕೊಂಡು. ಸೈನ್ ಎಂದಾದರೂ ಋಣ ೩ ಆದೀತೇ? ಆಗದು. ಸ್ಕೇಲನ್ನು ಮಲಗಿಸಿ ಕೆಳಗಿನಿಂದ ಸರಿಸಿದ ವಿದ್ಯಾರ್ಥಿ ಋಣ ೩ರಲ್ಲಿಯೇ ರೇಖೆಯನ್ನು ಮುಟ್ಟಿದೊಡನೆ, ಇಲ್ಲಿ ಸೂತ್ರ ನಡೆಯುತ್ತಿದ್ದರೂ ಅದು ವರ್ಣಿಸಬೇಕಾದ ವಸ್ತು ಇಲ್ಲಿಲ್ಲವೆಂದು, ಒಂದು ಅಕ್ಷರದ ಲೆಕ್ಕವನ್ನೂ ಮಾಡದೆ ತಿಳಿದುಬಿಡುತ್ತಾನೆ. ಭಾಸ್ಕರನಲ್ಲಿ ಲೋಪವಿಲ್ಲ, ಅರ್ಧವೃತ್ತದ ಅಂಶಗಳಿಂದ ಕಳೆ ಎಂಬುದೇ ಆತನ ವಿಧಿಯ ಮೊದಲ ಹೆಜ್ಜೆ, ಎಂದ ಮೇಲೆ ಕೋನವು ಅರ್ಧವೃತ್ತದೊಳಗಿನದೆಂಬುದು ಆ ಮಾತಿನಲ್ಲಿಯೇ ಅಡಕವಾಗಿದೆ. ಸೂತ್ರವನ್ನು ಮಾತ್ರ ಕಿತ್ತುಕೊಂಡು ಅದರ ಸೀಮೆಯನ್ನು ಅಲ್ಲಿಯೇ ಬಿಟ್ಟುಬಂದವರಿಗೆ ಮಾತ್ರ ಋಣ ಒಂದೂವರೆಯ ಸೈನ್ ದೊರೆಯುತ್ತದೆ. ಇಂದು ಯಂತ್ರಗಳು ಯಾವ ಸೂತ್ರಕ್ಕೆ ಯಾವ ಸಂಖ್ಯೆಯನ್ನು ಕೊಟ್ಟರೂ ಕ್ಷಣಾರ್ಧದಲ್ಲಿ ಉತ್ತರವನ್ನು ಒಪ್ಪಿಸುತ್ತವೆ, ಪರದೆಯ ಮೇಲೆ ನಕ್ಷೆಯನ್ನೂ ಎಳೆದು ತೋರಿಸುತ್ತವೆ. ಆದಕಾರಣ ಸೀಮೆಯನ್ನು ನೋಡುವ ಕಣ್ಣು ಹಿಂದೆಂದಿಗಿಂತಲೂ ಇಂದು ಅವಶ್ಯವೆಂದು ನಾನು ಒತ್ತಿ ಹೇಳುತ್ತೇನೆ.

ಹದಿನಾಲ್ಕನೆಯ ಶತಮಾನದ ಫ್ರಾನ್ಸಿನಲ್ಲಿ ನಿಕೋಲ್ ಒರೆಮ್ ಎಂಬ ವಿದ್ವಾಂಸನು, ಡೆಕಾರ್ತನ ೧೬೩೭ರ ಜ್ಯಾಮಿತಿಗೆ ಬಹಳ ಹಿಂದೆಯೇ, ಕಾಲವನ್ನು ತಳದ ಗೆರೆಯಾಗಿಯೂ ವೇಗವನ್ನು ಅದರ ಮೇಲೆ ಎದ್ದು ನಿಂತ ಲಂಬಗಳಾಗಿಯೂ ಚಿತ್ರಿಸಿದ್ದನು. ಲಂಬಗಳು ನಿಲ್ಲಬೇಕಾದರೆ ಮೊದಲು ತಳದ ಗೆರೆ ಇರಬೇಕು. ವೇಗದ ಮಾತು ಬರುವುದು ಅದಕ್ಕೊಂದು ಉದ್ದವನ್ನು ಗೊತ್ತುಮಾಡಿದ ಮೇಲೆ. ಕ್ಷೇತ್ರ ಮೊದಲು, ಬೆಲೆ ಆಮೇಲೆ: ಇದು ನನಗೆ ಬಹಳ ಹಿತವಾದ ಕ್ರಮ.

ನಕ್ಷೆಯಿಂದ ಆಗದ ಕೆಲಸವೂ ಉಂಟು, ಅದನ್ನೂ ಮಕ್ಕಳಿಂದ ಮುಚ್ಚಿಡಬಾರದು. ೧೮೨೯ರಲ್ಲಿ ಜರ್ಮನಿಯ ದಿರಿಕ್ಲೆ ಒಂದು ಉತ್ಪನ್ನವನ್ನು ಮುಂದಿಟ್ಟನು: ಕೊಟ್ಟದ್ದು ಭಾಗಲಬ್ಧ ಸಂಖ್ಯೆಯಾದರೆ ಒಂದು ಬೆಲೆ, ಅಭಾಗಲಬ್ಧವಾದರೆ ಇನ್ನೊಂದು. ಆ ಬೆಲೆಗಳನ್ನು ೧ ಮತ್ತು ೦ ಎಂದು ಇಟ್ಟುಕೊಂಡರೆ, ಕ್ಷೇತ್ರವು ಸಮಸ್ತ ಸಂಖ್ಯಾರೇಖೆ, ವ್ಯಾಪ್ತಿಯು ಎರಡೇ ಸಂಖ್ಯೆಗಳು. ಹೇಳಲು ಇದಕ್ಕಿಂತ ಸುಲಭವಾದುದಿಲ್ಲ. ಎಳೆಯಹೊರಟರೆ ಮಾತ್ರ ಕೈ ಸೋಲುತ್ತದೆ. ಎರಡು ಭಾಗಲಬ್ಧ ಸಂಖ್ಯೆಗಳು ಎಷ್ಟೇ ಹತ್ತಿರವಿದ್ದರೂ ಅವುಗಳ ನಡುವೆ ಅಭಾಗಲಬ್ಧಗಳಿವೆ, ಎರಡು ಅಭಾಗಲಬ್ಧಗಳ ನಡುವೆ ಭಾಗಲಬ್ಧಗಳೂ ಇವೆ. ಆದುದರಿಂದ ೧ರ ಎತ್ತರದಲ್ಲೊಂದು, ಅಕ್ಷದ ಮೇಲೊಂದು, ಹೀಗೆ ಎರಡು ಅಖಂಡವಾದ ಗೆರೆಗಳು ಕಣ್ಣಿಗೆ ತೋರುತ್ತವೆ. ಅವುಗಳ ಮೇಲೆ ಸ್ಕೇಲನ್ನು ನೆಟ್ಟಗೆ ನಿಲ್ಲಿಸಿದರೆ ಅದು ಎಲ್ಲ ಕಡೆಯೂ ಎರಡನ್ನೂ ಮುಟ್ಟಿದಂತೆ ಕಾಣುತ್ತದೆ. ಹಾಗಾದರೆ ಇದು ಉತ್ಪನ್ನವೇ ಅಲ್ಲವಲ್ಲ ಎಂದು ಚುರುಕಾದ ಹುಡುಗನೊಬ್ಬ ಎದ್ದು ಆಕ್ಷೇಪಿಸುತ್ತಾನೆ, ಆಕ್ಷೇಪಿಸಬೇಕು ಕೂಡ. ಪುಸ್ತಕಗಳಲ್ಲಿ ಇದಕ್ಕಾಗಿ ಎರಡು ಚುಕ್ಕೆಗೆರೆಗಳನ್ನು ಎಳೆದು ಪಕ್ಕದಲ್ಲಿ ವಿವರಣೆಯನ್ನು ಬರೆದಿರುತ್ತಾರೆ. ನಾನೂ ಹಾಗೆಯೇ ಎಳೆದು, ಸ್ಕೇಲುಗಳನ್ನು ಮೇಜಿನ ಮೇಲಿಡುವಂತೆ ಹೇಳಿ, ಭಾಗಲಬ್ಧ ಸಂಖ್ಯೆಗಳ ಪಾಠಕ್ಕೆ ತೊಡಗುತ್ತೇನೆ.